ಮೂಲೆಯಣ್ಣನ ತುರುಪು

ನಮ್ಮ ಕಾರ್ಖಾನೆಯಲ್ಲಿ ಇಸ್ಪೀಟೆಲೆ ತಯಾರಾಗುತ್ತದೆ. ಊರಿನವರಿಗೆ ಇದು ನಗೆಯ ವಿಷಯ. ದಿನವಿಡೀ ಇಸ್ಪೀಟು ಹಿಡಿದು ಕೂತು ಸಂಬಳ ಎಣಿಸುವ ಜನ ನಾವು ಎಂದು ಅವರ ತಿಳುವಳಿಕೆ. ನಾನು ಹನ್ನೊಂದು ವರ್ಷದಿಂದ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. ಈ ಮಾತನ್ನು ಕ್ಷೌರದಂಗಡಿಯಲ್ಲಿ ಕೇಳಿದ್ದೇನೆ, ಆಸ್ಪತ್ರೆಯಲ್ಲಿ ಕೇಳಿದ್ದೇನೆ, ನನ್ನ ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಸೋದರಮಾವನ ಬಾಯಿಂದಲೂ ಕೇಳಿದ್ದೇನೆ. ಈಗ ತಿದ್ದಲು ಹೋಗುವುದಿಲ್ಲ.

ಮೂಲೆಯಣ್ಣ ಇದೇ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಎಲೆಗಳ ಮೂಲೆ ಕತ್ತರಿಸಿದರು. ಅಚ್ಚಾಗಿ, ಮೆರುಗು ಬಳಿಸಿಕೊಂಡು, ಅಳತೆಗೆ ಕತ್ತರಿಸಿದ ಎಲೆಗಳು ಕಟ್ಟುಕಟ್ಟಾಗಿ ಅವರ ಮೇಜಿಗೆ ಬರುತ್ತಿದ್ದವು. ಆಗ ಅವುಗಳ ಮೂಲೆ ಚೂಪಾಗಿರುತ್ತದೆ, ಬೆರಳು ಕೊಯ್ಯುತ್ತದೆ. ಒಂದು ಕಟ್ಟನ್ನು ಯಂತ್ರದ ಬಾಯಿಗೆ ಕೊಟ್ಟು ಪೆಡಲ್ ತುಳಿದರೆ ಒಂದು ಮೂಲೆ ದುಂಡಗಾಗುತ್ತದೆ. ಕಟ್ಟು ತಿರುಗಿಸಿ ಇನ್ನೊಂದು. ಹೀಗೆ ಕಟ್ಟಿಗೆ ನಾಲ್ಕು ತುಳಿತ. ಸಂಜೆಯ ಹೊತ್ತಿಗೆ ಅವರ ಕಾಲ ಬಳಿ ಉಗುರು ಕತ್ತರಿಸಿದಂಥ ಬಿಳಿ ಚೂರುಗಳ ರಾಶಿ ಬಿದ್ದಿರುತ್ತಿತ್ತು. ಅದನ್ನು ತಾವೇ ಗುಡಿಸಿ, ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅಂಗಿಯ ತೋಳಿನಲ್ಲಿ ಸಿಕ್ಕಿಕೊಂಡ ನಾಲ್ಕೈದು ಚೂರುಗಳ ಸಮೇತ ಮನೆಗೆ ಹೋಗುತ್ತಿದ್ದರು. ಅವರ ಬಗ್ಗೆ ಹೇಳಲು ಇದಕ್ಕಿಂತ ಹೆಚ್ಚೇನೂ ಇಲ್ಲ ಎಂದೇ ನಾವೆಲ್ಲ ನಂಬಿದ್ದೆವು. ಕಷ್ಟ ಶುರುವಾದದ್ದೂ ಅಲ್ಲಿಂದಲೇ.

ಎಲೆ ಮಾಡುವವರ ಬಾಯಲ್ಲಿ ಎಲೆಯ ಮಾತೇ ಬರುತ್ತದೆ. ನಮ್ಮಲ್ಲಿ ಯಾರೂ 'ಅವನು ಬುದ್ಧಿವಂತ' ಎನ್ನುವುದಿಲ್ಲ, 'ಅವನ ಕೈಯಲ್ಲಿ ಎಲೆ ಇದೆ' ಎನ್ನುತ್ತೇವೆ. ಪ್ರತಿಯೊಬ್ಬರಿಗೂ ಒಂದು ತುರುಪು ಇರುತ್ತದೆ, ಅಂದರೆ ಉಳಿದದ್ದೆಲ್ಲ ಕೈಕೊಟ್ಟಾಗ ಅವರು ಇಳಿಸುವ ಎಲೆ. ಮೇಸ್ತ್ರಿಯ ತುರುಪು ಗಂಟಲು. ಏಳು ಯಂತ್ರ ಒಟ್ಟಿಗೆ ಓಡುತ್ತಿದ್ದರೂ ಅವರು ಬೈದದ್ದು ಗೇಟಿನವರೆಗೆ ಕೇಳುತ್ತದೆ. ತಪಾಸಣೆಯ ಅಕ್ಕನ ತುರುಪು ಕಣ್ಣು. ಎಲೆಯ ಬೆನ್ನಿನ ಮೇಲೆ ಸಾಸಿವೆಗಿಂತ ಚಿಕ್ಕ ಚುಕ್ಕೆ ಇದ್ದರೂ ಹೆಕ್ಕಿ ಪಕ್ಕಕ್ಕೆ ಎಸೆಯುತ್ತಾರೆ. ಬೆನ್ನಿನ ಮೇಲೆ ಗುರುತಿದ್ದ ಎಲೆ ಮೋಸದ ಎಲೆ. ಅಂಥದ್ದು ಅಂಗಡಿಗೆ ಹೋದರೆ ಕಾರ್ಖಾನೆಯ ಮಾನ ಹೋದಂತೆ. ನನ್ನ ತುರುಪು ಅಕ್ಷರವಂತೆ. ನನ್ನಲ್ಲಿ ಬೇರೇನೂ ಸಿಗಲಿಲ್ಲ ಎಂದು ಇದರ ಅರ್ಥ.

ನಿವೃತ್ತರಾಗುವವರಿಗೆ ನಾವು ಹೂಮಾಲೆ ಹಾಕುವುದಿಲ್ಲ, ಒಂದು ಎಲೆ ಕೊಡುತ್ತೇವೆ. ಎಲೆಯ ಮುಖದ ಬಿಳಿ ಜಾಗದಲ್ಲಿ ಅವರ ತುರುಪು ಏನೆಂದು ನಾನು ಬರೆಯುತ್ತೇನೆ, ಎಲ್ಲರೆದುರು ಗಟ್ಟಿಯಾಗಿ ಓದಿ ಕೈಗಿಡುತ್ತೇನೆ. ಕಾವಲುಗಾರನಿಗೆ ಇಸ್ಪೀಟ್ ಒಂಬತ್ತು, 'ನೆನಪು'. ಹಳೆಯ ಮ್ಯಾನೇಜರಿಗೆ ಡೈಮಂಡ್ ಎಕ್ಕ, 'ಸಹಿ'. ಮೂರು ದಿನ ಯೋಚಿಸಿದರೂ ಆ ಮನುಷ್ಯನಲ್ಲಿ ಚೆಂದದ ಸಹಿ ಬಿಟ್ಟು ಬೇರೇನೂ ಕಾಣಲಿಲ್ಲ. ಅವರೇನೋ ಸಂತೋಷದಿಂದ ತೆಗೆದುಕೊಂಡು, ಎಲೆಯ ಮೇಲೂ ಒಂದು ಸಹಿ ಹಾಕಿದರು.

ಯಾವ ತುರುಪೂ ಸಿಗದಿದ್ದರೆ ಜೋಕರ್ ಕೊಡಬೇಕು. ಹಾಗೆ ಎರಡೇ ಸಲ ಆಗಿದೆ. ಎರಡನೆಯ ಸಲ ಜೋಕರ್ ಸಿಕ್ಕಿದ್ದು ಸ್ಟೋರಿನ ಗುಮಾಸ್ತರಿಗೆ. ಅವರು ಇಂದಿಗೂ ನಮ್ಮವರು ಎದುರಾದರೆ ಬೀದಿಯ ಆ ಬದಿಗೆ ದಾಟುತ್ತಾರೆ, ವಾಹನಗಳನ್ನೂ ನೋಡದೆ.

ಒಂದು ಸೋಮವಾರ ಮೇಸ್ತ್ರಿ ನನ್ನ ಮೇಜಿನ ಬಳಿ ಬಂದು ನಿಂತರು.

"ಶನಿವಾರ ಮೂಲೆಯಣ್ಣಂದು ಬೀಳ್ಕೊಡುಗೆ. ಏನು ಬರೀತೀಯಾ?"

"ನೀವೇ ಹೇಳಿ ಮೇಸ್ತ್ರೀ. ಮೂವತ್ತು ವರ್ಷ ಜೊತೇಲಿದ್ದೋರು ನೀವು."

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು, ತಲೆ ಕೆರೆದುಕೊಂಡರು, ಚಾವಣಿ ನೋಡಿದರು. "ಹೊತ್ತಿಗೆ ಸರಿಯಾಗಿ ಬರ್ತಾರೆ" ಎಂದರು ಕೊನೆಗೆ.

"ಎಲ್ರೂ ಬರ್ತಾರೆ. ಬರದೇ ಇದ್ರೆ ನೀವು ಬಿಡ್ತೀರಾ?"

"ಅದೂ ನಿಜ. ಶುಕ್ರವಾರದೊಳಗೆ ಏನಾದ್ರೂ ಹುಡುಕು. ಸಿಗಲಿಲ್ಲ ಅಂದ್ರೆ ಏನ್ ಮಾಡೋಕಾಗುತ್ತೆ, ಜೋಕರೇ." ಹೀಗೆಂದು ಕೈ ತೊಳೆದುಕೊಂಡು ಹೋದರು.

ಮೂಲೆಯಣ್ಣನನ್ನು ನನಗಿಂತ ಹತ್ತಿರದಿಂದ ಬಲ್ಲವರು ಆ ಕಟ್ಟಡದಲ್ಲಿ ಯಾರೂ ಇರಬಾರದಿತ್ತು. ಹನ್ನೊಂದು ವರ್ಷದಿಂದ ಮಧ್ಯಾಹ್ನದ ತುರುಪಿನಾಟದಲ್ಲಿ ಅವರು ನನ್ನ ಜೋಡಿ. ಊಟದ ಕೋಣೆಯ ಕಿಟಕಿ ಪಕ್ಕದ ಮೇಜು. ಒಂದು ಕಡೆ ನಾನು, ಎದುರಿಗೆ ಅವರು. ಅಡ್ಡಕ್ಕೆ ಮೇಸ್ತ್ರಿ, ಅವರೆದುರು ತಪಾಸಣೆಯ ಅಕ್ಕ. ಪಣ ಕಟ್ಟುವಂತಿಲ್ಲ. ಸೋತ ಜೋಡಿ ಇಡೀ ಕೋಣೆಯ ಚಹಾದ ಲೋಟ ತೊಳೆಯಬೇಕು. ಎಷ್ಟು ಲೋಟ ತೊಳೆದಿದ್ದೇನೆ ಎಂದು ನನ್ನ ಬೆರಳುಗಳನ್ನು ಕೇಳಬೇಕು.

ಏಕೆಂದರೆ ಮೂಲೆಯಣ್ಣನಿಗೆ ಆಟದ ಮೇಲೆ ಎಳ್ಳಷ್ಟೂ ಗಮನವಿರಲಿಲ್ಲ. ಉಳಿದವರು ಎದುರಿನವರ ಮುಖ, ಕೈ, ಎಲೆ ನೋಡುತ್ತಿದ್ದರೆ ಇವರು ಕಿಟಕಿಯಾಚೆ ನಿಲ್ಲಿಸಿದ ಸೈಕಲ್ಲುಗಳನ್ನು ನೋಡುತ್ತಿದ್ದರು. ಎಲೆ ಕಲೆಸುವ ಸರದಿ ಬಂದರೆ "ಬೆರಳು ನೋವು, ನೀನೇ ಕಲೆಸು" ಎಂದು ನನ್ನ ಕಡೆ ತಳ್ಳುತ್ತಿದ್ದರು. ಬೆಳಿಗ್ಗೆ ಎಂಟರಿಂದ ಸಾವಿರಾರು ಎಲೆ ಹಿಡಿದ ಬೆರಳಿಗೆ ನಮ್ಮ ಆಟಕ್ಕೆ ಬೇಕಾದ ಮೂವತ್ತೆರಡೇ ಎಲೆ ಕಲೆಸುವಾಗ ಮಾತ್ರ ನೋವು! ಹತ್ತೊಂಬತ್ತು ವರ್ಷದ ಹಿಂದೆ ಆ ಮೇಜಿಗೆ ಮೊದಲ ಸಲ ಕೂತ ದಿನ ಮೂರಕ್ಕೆ ಮೂರೂ ಆಟ ಗೆದ್ದಿದ್ದರಂತೆ. ಆಮೇಲೆ ಸಪ್ಪೆ. ಮೇಸ್ತ್ರಿ ಅವರನ್ನು ಆರಂಭಶೂರ ಎಂದೇ ಕರೆಯುತ್ತಿದ್ದರು, ಎದುರಿಗೇ. ಮೂಲೆಯಣ್ಣ ತಲೆಯಾಡಿಸುತ್ತಿದ್ದರು.

ಮಂಗಳವಾರ ಅಕ್ಕನನ್ನು ಕೇಳಿದೆ. "ಯಾರ ಮೇಲೂ ಸಿಟ್ಟಾಗಿದ್ದು ನೋಡಿಲ್ಲಪ್ಪ" ಎಂದರು.

"ಇಲ್ಲದೇ ಇರೋದನ್ನ ಬರೆಯೋಕಾಗಲ್ಲ ಅಕ್ಕ. ಇರೋದು ಹೇಳಿ."

ಅಕ್ಕ ಕಣ್ಣು ಕಿರಿದು ಮಾಡಿ, ಎಲೆಯ ಬೆನ್ನು ನೋಡುವಂತೆ ದೂರದಲ್ಲಿದ್ದ ಮೂಲೆಯಣ್ಣನ ಬೆನ್ನು ನೋಡಿದರು. "ಒಂದು ಚುಕ್ಕೆನೂ ಇಲ್ಲ" ಎಂದು ಕೆಲಸಕ್ಕೆ ತಿರುಗಿದರು.

ಬುಧವಾರ ಸಂಜೆ, ಮೂಲೆಯಣ್ಣ ಹಲ್ಲಿನ ಡಾಕ್ಟರ ಬಳಿ ಹೋಗುತ್ತಾರೆಂದು ಗೊತ್ತಿದ್ದೇ ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ. ಅತ್ತಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ನಾನು ಸುತ್ತಿ ಬಳಸಿ ಕೇಳಿದೆ: ಅಣ್ಣನಿಗೆ ಮನೆಯಲ್ಲಿ ಏನು ಚೆನ್ನಾಗಿ ಬರುತ್ತದೆ?

"ಏನೂ ಬರಲ್ಲ" ಎಂದರು ಅತ್ತಿಗೆ, ಬೇಸರವೇನೂ ಇಲ್ಲದೆ. "ಒಂದು ಸಲ ನಲ್ಲಿ ರಿಪೇರಿ ಮಾಡ್ತೀನಿ ಅಂತ ಕೂತ್ರು, ಕೆಳಗಿನ ಮನೆಯೋರು ಬಂದು ಬಾಗಿಲು ಬಡಿದ್ರು. ಹಾಡೋಕೆ ಬರಲ್ಲ. ಮಗಳಿಗೆ ಲೆಕ್ಕ ಹೇಳ್ಕೊಡೋಕೆ ಹೋಗಿ ಅವಳಿಗೆ ಗೊತ್ತಿದ್ದದ್ದೂ ಮರೆತುಹೋಯ್ತು. ಯಾಕಪ್ಪ?"

"ಸುಮ್ನೆ ಕೇಳಿದೆ."

ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ಎಲೆ ವಿಷಯ ತಾನೇ? ನೋಡಿಲ್ಲಿ."

ಕಪಾಟಿನಿಂದ ಒಂದು ಪೊಟ್ಟಣ ತೆಗೆದರು. ಒಳಗೆ ಗಾಜಿನ ಚೌಕಟ್ಟು, ಸರಿಯಾಗಿ ಒಂದು ಇಸ್ಪೀಟೆಲೆ ಹಿಡಿಯುವಷ್ಟು. ಅಷ್ಟು ಚಿಕ್ಕದು ಅಂಗಡಿಯಲ್ಲಿ ಸಿಗುವುದಿಲ್ಲ, ಹೇಳಿ ಮಾಡಿಸಿದ್ದು. "ಹೋದ ತಿಂಗಳೇ ತಂದಿಟ್ಟಿದ್ದಾರೆ. ಮೊಳೆನೂ ಹೊಡೆದಾಯ್ತು." ಗೋಡೆಯ ಮೇಲೆ ಮಗಳ ಫೋಟೋದ ಪಕ್ಕದಲ್ಲಿ ಒಂದು ಮೊಳೆ ಇತ್ತು, ಸ್ವಲ್ಪ ಓರೆಯಾಗಿ. "ಏನು ಬರೀಬಹುದು ಅವರು ಅಂತ ದಿನಾ ಕೇಳ್ತಾರೆ. ನನಗೇನು ಗೊತ್ತು? ಏನೋ ಒಳ್ಳೇದೇ ಬರೀತಾರೆ ಬಿಡಿ ಅಂದೆ."

ನನಗೆ ಅಲ್ಲಿ ಚಹಾ ಕುಡಿಯಲಾಗಲಿಲ್ಲ. ಹಲ್ಲುನೋವು ಎಂದು ಸುಳ್ಳು ಹೇಳಿದೆ. ಗಂಡನ ಜೊತೆಗೇ ಹೋಗಬಹುದಿತ್ತಲ್ಲ ಎಂದರು ಅತ್ತಿಗೆ. ಮೆಟ್ಟಿಲಿಳಿಯುವಾಗ ನನಗೆ ಮೂಲೆಯಣ್ಣನ ಮೇಲೇ ಸಿಟ್ಟು ಬಂತು. ಅರವತ್ತು ವರ್ಷ ಬದುಕಿ ಒಂದೇ ಒಂದು ಗುಣ ಸಂಪಾದಿಸಬಾರದಿತ್ತೇ!

ಗುರುವಾರ ಮಧ್ಯಾಹ್ನ ಆಟದ ನಡುವೆ ಮೇಸ್ತ್ರಿ ಗೆದ್ದ ಖುಷಿಗೆ ಮೇಜು ಗುದ್ದಿದರು. ಆ ಮೇಜಿಗೆ ಮೊದಲೇ ಒಂದು ಕಾಲು ಸಡಿಲ. ಎಲೆಗಳೆಲ್ಲ ನೆಲಕ್ಕೆ ಬಿದ್ದವು. ಮೇಸ್ತ್ರಿಗೆ ಬಗ್ಗಲು ಹೊಟ್ಟೆ ಅಡ್ಡ, ಅಕ್ಕನಿಗೆ ಮೊಣಕಾಲು ನೋವು, ನನ್ನ ಕೈಯಲ್ಲಿ ಚಹಾ. ಮೂಲೆಯಣ್ಣನೇ ಬಗ್ಗಿ ಆರಿಸಿದರು. ಎಲೆಗಳನ್ನು ಬೆನ್ನು ಮೇಲಾಗಿ ಜೋಡಿಸಿ, ಮೇಜಿನ ಮೇಲೆ ಎರಡು ಸಲ ಕುಟ್ಟಿ ಸಮ ಮಾಡಿ, ಹೆಬ್ಬೆರಳನ್ನು ಕಟ್ಟಿನ ಮೂಲೆಯ ಮೇಲೆ ಸರ್ರನೆ ಎಳೆದರು.

"ಡೈಮಂಡ್ ಹತ್ತು ಇಲ್ಲ" ಎಂದರು.

ಅಕ್ಕ ಚಪ್ಪಲಿ ಎತ್ತಿ ನೋಡಿದರು. ಅಡಿಯಲ್ಲಿ ಡೈಮಂಡ್ ಹತ್ತು ಇತ್ತು. ಒರೆಸಿ ಕೊಟ್ಟರು. ಮೇಸ್ತ್ರಿ ಎಲೆ ಹಂಚಿದರು, ಆಟ ಮುಂದುವರಿಯಿತು. ಯಾರಿಗೂ ಏನೂ ಅನ್ನಿಸಲಿಲ್ಲ. ನಾನು ಮಾತ್ರ ಚಹಾದ ಲೋಟ ಹಿಡಿದು ಹಾಗೇ ಕೂತಿದ್ದೆ. ಮೂಲೆಯಣ್ಣ ಒಂದೇ ಒಂದು ಎಲೆಯ ಮುಖವನ್ನೂ ನೋಡಿರಲಿಲ್ಲ.

ಆ ದಿನವೂ ನಾವೇ ಸೋತೆವು. ಲೋಟ ತೊಳೆಯುವಾಗ ನಲ್ಲಿಯ ಬಳಿ ಇಬ್ಬರೇ ಇದ್ದೆವು.

"ಅಣ್ಣಾ, ಹತ್ತು ಇಲ್ಲ ಅಂತ ಹೇಗೆ ಗೊತ್ತಾಯ್ತು?"

ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ತಪ್ಪಿಸಿಕೊಳ್ಳುವ ದಾರಿ ಅದರಲ್ಲೂ ಕಾಣಲಿಲ್ಲವೇನೋ, ಹೇಳಿದರು.

ಕಾರ್ಖಾನೆಯ ಒಳ್ಳೆಯ ಕಟ್ಟನ್ನು ನಾವು ಮುಟ್ಟುವಂತಿಲ್ಲ. ಹಾಗಾಗಿ ನಮ್ಮ ಆಟದ ಕಟ್ಟು ರದ್ದಿಯಿಂದ ಬಂದದ್ದು. ವರ್ಷಕ್ಕೊಮ್ಮೆ ಅಕ್ಕ ತಾವು ಪಕ್ಕಕ್ಕೆ ಎಸೆದ ಕಟ್ಟುಗಳಿಂದ ಕಲೆಯಿಲ್ಲದ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಮೂವತ್ತೆರಡು ಮಾಡುತ್ತಿದ್ದರು. ಮೂವತ್ತೆರಡರ ಬೆನ್ನಿನ ಮೇಲೂ ಒಂದು ಚುಕ್ಕೆ ಇಲ್ಲ ಎಂದು ಅವರಿಗೆ ಹೆಮ್ಮೆ. ನಿಜ, ಚುಕ್ಕೆ ಇರಲಿಲ್ಲ. ಆದರೆ ಆ ಎಲೆಗಳು ಬಂದದ್ದು ಮೂವತ್ತೆರಡು ಬೇರೆ ಬೇರೆ ಕಟ್ಟುಗಳಿಂದ. ಒಂದೊಂದು ಕಟ್ಟು ಯಂತ್ರದ ಬಾಯಲ್ಲಿ ಕೂತಾಗಲೂ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಒಂದು ಮೂಲೆ ಸ್ವಲ್ಪ ಹೆಚ್ಚು ದುಂಡು, ಇನ್ನೊಂದು ಸ್ವಲ್ಪ ಚಪ್ಪಟೆ. ಒಂದೇ ಕಟ್ಟಿನ ಎಲೆಗಳಾದರೆ ಎಲ್ಲವೂ ಒಂದೇ ತರ, ಯಾರಿಗೂ ತಿಳಿಯುವುದಿಲ್ಲ. ನಮ್ಮ ಕಟ್ಟಿನಲ್ಲಿ ಎಲೆಗೊಂದು ಮೂಲೆ.

"ನಾನೇ ಕತ್ತರಿಸಿದ್ದಲ್ವಾ ತಮ್ಮಾ? ಕಣ್ಣಿಗೆ ಬೀಳುತ್ತೆ. ಬೆರಳಿಗೂ ಗೊತ್ತಾಗುತ್ತೆ."

"ಅಂದ್ರೆ ನಮ್ಮೆಲ್ಲರ ಕೈಯಲ್ಲಿ ಏನಿದೆ ಅಂತ..."

"ನೋಡಿದ್ರೆ ಗೊತ್ತಾಗುತ್ತೆ. ಅದಕ್ಕೇ ಸೈಕಲ್ ನೋಡ್ತೀನಿ."

ನನಗೆ ಮೊದಲು ಬಂದದ್ದು ಮೆಚ್ಚುಗೆಯಲ್ಲ, ಸಿಟ್ಟು. "ಹನ್ನೊಂದು ವರ್ಷ ನಿಮ್ಮ ಜೊತೆ ನಾನೂ ಲೋಟ ತೊಳೆದಿದ್ದೀನಲ್ಲ ಅಣ್ಣಾ! ಕಟ್ಟು ಸರಿ ಇಲ್ಲ ಅಂತ ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಬೇಕು ಅಂದ್ಕೊಂಡೆ. ಆ ಕಟ್ಟು ಆರಿಸೋದು ಅವಳು. ಮೂವತ್ತೆರಡರಲ್ಲೂ ಒಂದು ತಪ್ಪಿಲ್ಲ ಅಂತ ಪ್ರತಿ ವರ್ಷ ಎಲ್ಲರಿಗೂ ತೋರಿಸ್ಕೊಂಡು ಬರ್ತಾಳೆ. ಅವಳ ತುರುಪೇ ಕಣ್ಣು. ಅದರಲ್ಲಿ ತಪ್ಪಿದೆ ಅಂತ ಹೇಗೆ ಹೇಳೋದು?" ಕೊನೆಯ ಲೋಟವನ್ನು ಬೋರಲು ಹಾಕಿದರು. "ನೀನೂ ಹೇಳಬೇಡ. ಶನಿವಾರ ಗಿನಿವಾರ ಅಂತ ಬಾಯಿ ಬಿಟ್ಟೀಯಾ."

ಹೀಗಾಗಿ ಮೂರು ದಿನ ಹುಡುಕಿದ್ದು ನಾಲ್ಕನೆಯ ದಿನ ಸಿಕ್ಕಿತು, ಸಿಕ್ಕಿದ ನಿಮಿಷಕ್ಕೇ ನನ್ನ ಬಾಯಿಗೆ ಬೀಗ ಬಿತ್ತು. ಹೇಳಿದರೆ ಅಕ್ಕನ ಮಾನ ಹೋಗುತ್ತದೆ. ಹೇಳದಿದ್ದರೆ ಆ ಚಿಕ್ಕ ಗಾಜಿನ ಚೌಕಟ್ಟಿನಲ್ಲಿ ಜೋಕರ್ ಕೂರುತ್ತದೆ. ಸುಳ್ಳೇ ಏನಾದರೂ ಬರೆಯಬಹುದಿತ್ತು, 'ತಾಳ್ಮೆ', 'ಸಜ್ಜನಿಕೆ', ಹೀಗೆ. ಎರಡು ಸಲ ಬರೆದೂ ನೋಡಿದೆ. ಅಕ್ಷರ ಚೆನ್ನಾಗಿತ್ತು.

ಶನಿವಾರ ನಾಲ್ಕು ಗಂಟೆಗೆ ಯಂತ್ರಗಳು ನಿಂತವು. ಪ್ಯಾಕಿಂಗ್ ಹಾಲಿನಲ್ಲಿ ನಲವತ್ತು ಜನ ಸೇರಿದರು. ಮೂಲೆಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದೆ ಕೂತಿದ್ದರು. ಪಕ್ಕದಲ್ಲಿ ಅತ್ತಿಗೆ, ಮಡಿಲಲ್ಲಿ ಕೈಚೀಲ. ಅದರೊಳಗೆ ಚೌಕಟ್ಟಿದೆ ಎಂದು ಚೀಲದ ಮೂಲೆ ನೋಡಿದರೇ ತಿಳಿಯುತ್ತಿತ್ತು. ಮೇಸ್ತ್ರಿ ಜೇಬಿನಿಂದ ಜೋಕರಿನ ತುದಿ ಕಾಣಿಸಿ, ಸಿಕ್ಕಿತೇ ಎಂದು ಹುಬ್ಬಿನಲ್ಲೇ ಕೇಳಿದರು.

ನಾನು ಮುಂದೆ ಹೋಗಿ ಎಲೆಯನ್ನು ಮುಖ ಕೆಳಗಾಗಿ ಮೂಲೆಯಣ್ಣನ ಅಂಗೈಯಲ್ಲಿಟ್ಟೆ. ಏನೂ ಓದಲಿಲ್ಲ.

"ಏನಪ್ಪಾ ಇದು?" ಮೇಸ್ತ್ರಿಯ ಗಂಟಲು ಗೇಟಿನವರೆಗೆ ಹೋಯಿತು. "ತುರುಪು ಹೇಳದೆ ಎಲೆ ಕೊಡೋದು ಎಲ್ಲಾದ್ರೂ ಇದೆಯಾ?"

"ತುರುಪು ಇದೆ ಮೇಸ್ತ್ರೀ. ಎಲೆ ಮೇಲೆ ಬರೆದಿದ್ದೀನಿ. ಮುಚ್ಚಿಟ್ಟಿದ್ದೀನಿ, ಅಷ್ಟೇ. ನಮ್ಮ ಆಟದಲ್ಲೂ ಮೊದಲು ತುರುಪು ಮುಚ್ಚೇ ಇಡೋದಲ್ವಾ?"

"ಹಾಗಾದ್ರೆ ತೋರಿಸು ಅಂತ ಕೇಳಬಹುದಲ್ಲ!"

"ಕೇಳಬಹುದು. ನಿಯಮ ಗೊತ್ತಲ್ಲ? ಬೇಕಾದ ಎಲೆ ಕೈಯಲ್ಲಿ ಇಲ್ಲದೋನು ಮಾತ್ರ ಕೇಳಬಹುದು. ಕೇಳೋರು ಈ ಗುಣ ನನ್ನ ಹತ್ತಿರ ಇಲ್ಲ ಅಂತ ಮೊದಲು ಎಲ್ಲರೆದುರು ಒಪ್ಕೋಬೇಕು."

"ಯಾವ ಗುಣ?"

"ಅದು ತೋರಿಸಿದ ಮೇಲೆ ಗೊತ್ತಾಗುತ್ತೆ."

ಅಕ್ಕ ತಮ್ಮ ಮೊಣಕಾಲು ಒತ್ತಿಕೊಂಡರು. ನಲವತ್ತು ಜನ ನಲವತ್ತು ದಿಕ್ಕಿಗೆ ನೋಡಿದರು. ಒಬ್ಬರೂ ಕೇಳಲಿಲ್ಲ.

ಆ ಹೊತ್ತಿಗೆ ಮೂಲೆಯಣ್ಣ ಹೆಬ್ಬೆರಳಿನಿಂದ ಎಲೆಯ ಮೂಲೆ ಸವರಿದರು. ನಮ್ಮ ಆಟದ ಕಟ್ಟಿನ ಡೈಮಂಡ್ ಹತ್ತು ಅದು ಎಂದು ಅವರಿಗೆ ತಿಳಿದದ್ದು ನನಗೆ ಮುಖದ ಮೇಲೇ ಕಂಡಿತು. ಮೆಲ್ಲಗೆ, ತಮಗೆ ಮಾತ್ರ ಕಾಣುವಷ್ಟು ಎತ್ತಿ ಓದಿದರು. ಅಲ್ಲಿ ನಾನು ಬರೆದದ್ದು ಎರಡೇ ಮಾತು: 'ಗೊತ್ತಿತ್ತು. ನೋಡಲಿಲ್ಲ.' ಅವರ ಕಣ್ಣು ತುಂಬಿತು. ನನಗೂ ತುಂಬಿತು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಮೇಸ್ತ್ರಿ ಜೋಕರನ್ನು ಜೇಬಿನೊಳಕ್ಕೆ ತಳ್ಳಿ "ಚಹಾ ತನ್ರೋ" ಎಂದು ಕೂಗಿದರು.

ಸೋಮವಾರ ನಮ್ಮ ಮೇಜಿಗೆ ಅಚ್ಚಿನ ವಿಭಾಗದವನೊಬ್ಬ ನಾಲ್ಕನೆಯವನಾಗಿ ಬಂದ. ಕಳೆದುಹೋಯಿತು ಎಂದು ಹೇಳಿ, ಡೈಮಂಡ್ ಹತ್ತರ ಬದಲಿಗೆ ರದ್ದಿಯಿಂದ ಬೇರೊಂದು ಹತ್ತನ್ನು ನಾನೇ ತಂದು ಸೇರಿಸಿದೆ. ತರುವಾಗ ಅದರ ಮೂಲೆ ನೋಡಿದ್ದೆ, ತುಸು ಚಪ್ಪಟೆ. ಆಟ ಶುರುವಾದಾಗ ಅದು ಮೇಸ್ತ್ರಿಯ ಕೈಯಲ್ಲಿ ಎಡದಿಂದ ಮೂರನೆಯದಾಗಿ ಕೂತಿತ್ತು. ನಾನು ಸೈಕಲ್ಲುಗಳನ್ನು ನೋಡಿದೆ. ಒಟ್ಟು ಹದಿನೇಳು ಸೈಕಲ್ಲು. ಮಂಗಳವಾರವೂ ನೋಡಿದೆ. ಅಷ್ಟರಲ್ಲಿ ಇಸ್ಪೀಟ್ ಎಕ್ಕದ ಮೂಲೆಯೂ ಪರಿಚಯವಾಗಿಬಿಟ್ಟಿತ್ತು, ಆಟೀನ್ ರಾಜನದೂ. ಬುಧವಾರ ಸೈಕಲ್ ನೋಡುವುದು ಬಿಟ್ಟೆ. ಮೂರಕ್ಕೆ ಮೂರೂ ಆಟ ಗೆದ್ದೆ.

ಮೇಸ್ತ್ರಿ ಹೇಗೋ ಜಾರಿಕೊಂಡರು, ಲೋಟ ತೊಳೆಯಲು ಅಕ್ಕ ಎದ್ದರು. ಆ ದಿನ ಅವರ ಬೆರಳಿಗೆ ಎಲೆಯಂಚು ಕೊಯ್ದು ಪಟ್ಟಿ ಕಟ್ಟಿತ್ತು. ಪಟ್ಟಿ ಒದ್ದೆಯಾಗದಂತೆ ಬೆರಳನ್ನು ಮೇಲೆತ್ತಿಕೊಂಡು, ಒಂದು ಲೋಟ, ಎರಡು ಲೋಟ, ತಣ್ಣೀರಿನಲ್ಲಿ ತೊಳೆಯುತ್ತಿದ್ದರು. "ಏನು ಆಟ ಆಡ್ದೆಯೋ ಇವತ್ತು! ನಿನ್ನ ತುರುಪು ಬರೀ ಅಕ್ಷರ ಅಂದ್ಕೊಂಡಿದ್ವಿ" ಎಂದು ನಗುತ್ತಾ ಹೇಳಿದರು. ನಾನು ಅವರನ್ನು ಪಕ್ಕಕ್ಕೆ ಸರಿಸಿ ಉಳಿದ ಲೋಟ ತೊಳೆದೆ. ಕಟ್ಟಿನ ಮೇಲೆ ಚಹಾ ಚೆಲ್ಲಿದೆ, ಬೇಕೆಂದೇ. ಮರುದಿನ ನಮ್ಮದೇ ಕಾರ್ಖಾನೆಯ ಹೊಸ ಕಟ್ಟೊಂದನ್ನು ಅಂಗಡಿಯಲ್ಲಿ ಕೊಂಡು ತಂದೆ. ನಲವತ್ತು ಜನರಲ್ಲಿ ಹಾಗೆ ಕೊಂಡವನು ನಾನೊಬ್ಬನೇ ಇರಬೇಕು.

ಭಾನುವಾರ ಮೂಲೆಯಣ್ಣನ ಮನೆಗೆ ಹೋದೆ. ಮಗಳ ಫೋಟೋದ ಪಕ್ಕದಲ್ಲಿ ಚೌಕಟ್ಟು ನೇತಾಡುತ್ತಿತ್ತು. ಎಲೆಯ ಮುಖ ಗೋಡೆಯ ಕಡೆಗೆ, ಬೆನ್ನು ನಮ್ಮ ಕಡೆಗೆ. ಅತ್ತಿಗೆ ಚಹಾ ತಂದಿಟ್ಟರು. ಈ ಸಲ ಕುಡಿದೆ.

"ಅಣ್ಣಾ, ನಾನು ನೋಡಿಬಿಟ್ಟೆ" ಎಂದೆ.

ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಎಷ್ಟನೇ ದಿನ?"

"ಮೂರನೇ ದಿನ."

"ಪರವಾಗಿಲ್ಲ." ಅವರು ಬಟ್ಟಲನ್ನು ಕೆಳಗಿಟ್ಟರು. "ನಾನು ಮೊದಲನೇ ದಿನವೇ ನೋಡಿದ್ದೆ."

ಆರಂಭಶೂರ ಎಂದು ಹತ್ತೊಂಬತ್ತು ವರ್ಷ ನಕ್ಕವರ ಸಾಲಿನಲ್ಲಿ ನಾನೂ ಇದ್ದೆ.

"ಮೂರು ಆಟ ಗೆದ್ದೆ. ತಪಾಸಣೆಯವಳು ಲೋಟ ತೊಳೀತಾ ಇದ್ಲು. ಆ ನೀರಿನ ಸದ್ದು ಕೇಳೋಕೆ ಆಗಲಿಲ್ಲ ತಮ್ಮಾ." ಅವರು ಎದ್ದು ಚೌಕಟ್ಟನ್ನು ಮೊಳೆಯಿಂದ ಇಳಿಸಿದರು, ಹಿಂದಿನ ಹಲಗೆ ಸರಿಸಿ ಎಲೆಯನ್ನು ಹೊರತೆಗೆದರು. "ನೀನು ಬರೆದದ್ದು ಪೂರ್ತಿ ಸರಿ ಇಲ್ಲ. ಆ ಶನಿವಾರದಿಂದ ಅದೇ ಯೋಚನೆ. ತಿದ್ದಿ ಕೊಡ್ತೀಯಾ?"

ಅತ್ತಿಗೆ ಪೆನ್ನು ಹುಡುಕಿ ಕೊಟ್ಟರು. 'ನೋಡಲಿಲ್ಲ' ಎಂಬುದರ ಕೆಳಗೆ, ಡೈಮಂಡುಗಳ ನಡುವೆ ಉಳಿದಿದ್ದ ಜಾಗದಲ್ಲಿ, 'ಮೊದಲ ದಿನ ಬಿಟ್ಟು' ಎಂದು ಆದಷ್ಟು ಚೆನ್ನಾಗಿ ಬರೆದೆ. ಮೂಲೆಯಣ್ಣ ಶಾಯಿ ಆರುವವರೆಗೆ ಊದಿದರು. ಆಮೇಲೆ ಎಲೆಯನ್ನು ಚೌಕಟ್ಟಿಗೆ ಹಾಕಿ, ಮುಖವನ್ನು ಗೋಡೆಗೆ ಮಾಡಿ, ಮೊಳೆಗೆ ತೂಗುಹಾಕಿದರು.